ಟೋಪಿ ಅಂಗಡಿ

ಟೋಪಿ ಹಾಕುವುದೇ ನನ್ನ ಕಸುಬು.
ಉಣ್ಣೆಯದು, ಕಿವಿ ಮುಚ್ಚುವಂಥದು.
ಪ್ರಾಗ್ ಊರಿನ ಹಳೇ ಸೇತುವೆಗೆ ಹೋಗುವ ದಾರಿಯಲ್ಲಿ
ನಾಲ್ಕಡಿ ಹಲಗೆ, ಎರಡು ಗೂಟ, ಒಂದು ದೀಪ.
ಒಂದು ಟೋಪಿಗೆ ಮೂರು ಸಂಜೆ ಹಿಡಿಯುತ್ತದೆ.
ತಲೆ ನೋಡಿ ಅಳತೆ ಹೇಳುತ್ತೇನೆ,
ಮುಖ ನೋಡಿ ಬೆಲೆ ಹೇಳುವುದಿಲ್ಲ.

ಎದುರಿಗೆ ಲುಬೋರ್.
ಹಣ ಬದಲಿಸುವ ಅಂಗಡಿಯ ಗೋಡೆಗೆ ಒರಗಿ ನಿಲ್ಲುತ್ತಾನೆ.
ಅವನದೂ ಇದೇ ಕಸುಬು,
ಕಡ್ಡಿ ಬೇಡ, ಉಣ್ಣೆ ಬೇಡ.
"ಒಳಗೆ ಕಮಿಷನ್ ಮುರಿಯುತ್ತಾರೆ, ನನ್ನಲ್ಲಿ ಅದಿಲ್ಲ"
ಎಂದು ಐದು ಭಾಷೆಯಲ್ಲಿ ಪಿಸುಗುಟ್ಟಬಲ್ಲ.
ಯೂರೋ ಚಾಚಿದ ಕೈಗೆ ಎಣಿಸಿ ಎಣಿಸಿ ಇಡುವುದು
ಇನ್ಯಾವುದೋ ದೇಶದ, ಉಸಿರು ನಿಂತ ನೋಟು.
ಬಣ್ಣ ಗಾಢ, ಸೊನ್ನೆ ಜಾಸ್ತಿ.
ಬೆರಳು ಮರಗಟ್ಟಿದವರು
ನೋಟಿನ ಮೇಲಿನ ಮುಖ ಯಾರದೆಂದು ಕೇಳುವುದಿಲ್ಲ,
ಬೇಗ ಕೈಗವಸು ಹಾಕಿಕೊಂಡರೆ ಸಾಕಾಗಿರುತ್ತದೆ.

ಅವನನ್ನು ಬಲ್ಲೆ.
ಇಪ್ಪತ್ತೊಂಬತ್ತು ವರ್ಷ ಟ್ರಾಮ್ ಓಡಿಸಿದವಳು ನಾನು,
ವಲ್ತಾವಾ ನದಿಯ ಗುಂಟ, ಹದಿನೇಳನೇ ನಂಬರು.
ಹಿಂದಿನ ಬಾಗಿಲಲ್ಲಿ ಹತ್ತುತ್ತಿದ್ದ ಹುಡುಗ,
ಒಂದು ದಿನವೂ ಟಿಕೆಟ್ಟಿಲ್ಲ.
ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕರೆ ನಾಲಿಗೆ ಚಾಚುತ್ತಿದ್ದ.
ಇಳಿಸಲಿಲ್ಲ. ಹೊರಗೆ ಹಿಮವಿರುತ್ತಿತ್ತು.
ಅದು ನನ್ನ ತಪ್ಪೂ ಇರಬಹುದು.

ಮೊನ್ನೆ ಗುರುವಾರ ಲಿಸ್ಬನ್ನಿನ ಗಂಡಹೆಂಡತಿ ಬಂದರು.
ಹುಷಾರಿನ ಜನ. ಎಲ್ಲಾ ಕಲಿತು ಬಂದಿದ್ದರು:
ದುಡ್ಡು ಅಂಗಿಯೊಳಗೆ, ಬ್ಯಾಗು ಎದೆಯ ಮೇಲೆ,
ಊಟಕ್ಕೆ ಮುಂಚೆ ಬೆಲೆಪಟ್ಟಿ,
ಟ್ಯಾಕ್ಸಿಗೆ ಮುಂಚೆ ಮೀಟರು,
ತಾನಾಗಿ ಮಾತಾಡಿಸುವ ಮುದುಕಿಯನ್ನು ನಂಬಬೇಡ.
ಕೆಸರಾದ ಹಿಮ ತುಳಿದು ರಸ್ತೆ ದಾಟಿದೆ,
"ಅವನ ಹತ್ತಿರ ಬೇಡ" ಎಂದೆ.
ಅವಸರದಲ್ಲಿ ಕೈಯಲ್ಲಿ ಟೋಪಿ ಹಾಗೇ ಉಳಿದಿತ್ತು.
"ನೋ, ನೋ, ಥ್ಯಾಂಕ್ಯೂ" ಎಂದಳಾಕೆ
ಬ್ಯಾಗನ್ನು ಕೂಸಿನಂತೆ ಅವುಚಿಕೊಂಡು.
ಲುಬೋರ್ ಅವರ ಕಿವಿಯಲ್ಲಿ ಏನೋ ಹೇಳಿದ,
ನನ್ನನ್ನು ತೋರಿಸಿ ತಲೆಯಾಡಿಸಿದ.
ಎಚ್ಚರಿಸಿದ್ದಕ್ಕೆ ಅವರು ಅವನ ಕೈ ಕುಲುಕಿದರು.

ಆ ರಾತ್ರಿ ಅಮ್ಮ ನೆನಪಾದಳು.
ಐವತ್ತಮೂರನೇ ಇಸವಿ, ನನಗೆ ಏಳು.
ಶುಕ್ರವಾರ ರೇಡಿಯೋ ಹೇಳಿತು, ನಮ್ಮ ಹಣ ಭದ್ರ.
ಶನಿವಾರ ಹೇಳಿತು, ಐವತ್ತಕ್ಕೆ ಒಂದು.
ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟದ್ದರಲ್ಲಿ
ಗುಂಡಿ ಬಂತು, ನೂಲು ಬಂತು.
ಅವಳಿಗೆ ಟೋಪಿ ಹಾಕಿದವರು
ಚಳಿಯಲ್ಲಿ ಗೋಡೆಗೆ ಒರಗಿ ನಿಂತವರಲ್ಲ.

ಮರುದಿನ ಕತ್ತಲಾಗುವಾಗ ಆಕೆಯೊಬ್ಬಳೇ ಬಂದಳು.
ಬರಿದಲೆ, ಕೂದಲಲ್ಲಿ ಹಿಮದ ಪುಡಿ.
ಬೇಕರಿಯವನು ನಕ್ಕು ಹಿಂದಿರುಗಿಸಿದ ನೋಟುಗಳನ್ನು
ಹಲಗೆಯ ಮೇಲೆ ಇಸ್ಪೀಟಿನಂತೆ ಹರಡಿದಳು.
ಪೊಲೀಸರು ಬರುವಷ್ಟರಲ್ಲಿ ಗೋಡೆ ಖಾಲಿ.
ನಾನು ಒಂದು ನೋಟು ಆರಿಸಿಕೊಂಡೆ,
ಗೋಧಿಯ ಕಟ್ಟು ಹೊತ್ತ ಹೆಂಗಸಿನ ಚಿತ್ರದ್ದು,
ಬದಲಿಗೆ ನೀಲಿ ಟೋಪಿ ಮುಂದೆ ಹಿಡಿದೆ.
ಆಕೆ ಅದನ್ನು ಮಗುಚಿ ನೋಡಿದಳು,
ಹೊಲಿಗೆ ಎಳೆದು ನೋಡಿದಳು,
ಮತ್ತೇನು ಕೇಳುತ್ತೀಯ ಎಂಬಂತೆ ನನ್ನನ್ನೂ ನೋಡಿದಳು.
ನೋಡಲಿ.
ಆಮೇಲೆ ಹಾಕಿಕೊಂಡಳು. ಕಿವಿ ಮುಚ್ಚಿತು.

ಆ ನೋಟು ಈಗ ನನ್ನ ಗೂಟದಲ್ಲಿ, ಬಟ್ಟೆಯ ಕ್ಲಿಪ್ಪಿಗೆ ಸಿಕ್ಕಿ,
ಗಾಳಿಗೆ ಪಟಪಟ ಅನ್ನುತ್ತದೆ.
ವಾರ ಕಳೆದು ಬಂದ ಲುಬೋರ್ ಅದನ್ನು ಕಂಡ.
ಕೆಮ್ಮಿದ. ಕಿವಿ ಕೆಂಪಗಿತ್ತು.
"ಟೋಪಿ ಎಷ್ಟು?" ಎಂದ.
ಹೇಳಿದೆ.
ಕೊಟ್ಟ ನೋಟನ್ನು ದೀಪಕ್ಕೆ ಹಿಡಿದೆ,
ಉಗುರಲ್ಲಿ ಗೀರಿದೆ, ತಿರುಗಿಸಿ ಮತ್ತೆ ಹಿಡಿದೆ.
ಅಸಲಿ.
ಮೊದಲ ಸಲ ಟಿಕೆಟ್ ಕೊಂಡ ಹುಡುಗನ ಹಾಗೆ
ನೆಟ್ಟಗೆ ನಿಂತಿದ್ದ.

ನಾನು ಕೊಟ್ಟ ಚಿಲ್ಲರೆಯನ್ನು
ಎರಡು ಸಲ ಎಣಿಸಿಕೊಂಡ.